ಆಳಿಲ್ಲದ ಲಾಂಡ್ರಿಯಲ್ಲಿ ಬಟ್ಟೆಗೆ ಹೊಣೆ ಯಾರು?

ಬಳಕೆದಾರರ ಪ್ರಶ್ನೋತ್ತರ

ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದು ಎಲ್ಲ ಮನೆಗಳ ಚಿಂತೆ. ಆಟಿಯಲ್ಲಿ ಜಗಲಿಯ ಹಗ್ಗಕ್ಕೆ ಹಾಕಿದ ಪಂಚೆ ನಾಲ್ಕು ದಿನ ಕಳೆದರೂ ಒಣಗುವುದಿಲ್ಲ, ಒಣಗಿದರೂ ಮುಗ್ಗಲು ವಾಸನೆ ಬಿಡುವುದಿಲ್ಲ. ಜಗಲಿಯೇ ಇಲ್ಲದ ಬಾಡಿಗೆ ಕೋಣೆಗಳಲ್ಲಿರುವ ವಿದ್ಯಾರ್ಥಿಗಳು, ಆಸ್ಪತ್ರೆಗಳ ದಾದಿಯರು, ವರ್ಗವಾಗಿ ಬಂದ ನೌಕರರು ಈಗ ಸ್ವಯಂಸೇವೆಯ ಲಾಂಡ್ರಿಗಳಿಗೆ ಹೋಗತೊಡಗಿದ್ದಾರೆ. ಅಲ್ಲಿ ಗೋಡೆಯುದ್ದಕ್ಕೆ ಒಗೆಯುವ ಯಂತ್ರಗಳಿರುತ್ತವೆ, ಪಕ್ಕದಲ್ಲಿ ಡ್ರೈಯರುಗಳು, ಹಣ ಪಾವತಿಸಲು ಒಂದು ಕ್ಯೂಆರ್ ಫಲಕ, ಮೂಲೆಯಲ್ಲಿ ಒಂದು ಕ್ಯಾಮೆರಾ ಇರುತ್ತವೆ. ಕೇಳಿದ್ದಕ್ಕೆ ಉತ್ತರ ಹೇಳುವ ಮನುಷ್ಯ ಮಾತ್ರ ಇರುವುದಿಲ್ಲ. ಇಂಥ ಅಂಗಡಿಗಳ ಬಗ್ಗೆಯೂ ಬಟ್ಟೆ ಕೊಟ್ಟು ಬರುವ ಹಳೆಯ ಬಗೆಯ ಲಾಂಡ್ರಿಗಳ ಬಗ್ಗೆಯೂ ಬಂದ ಪತ್ರಗಳಲ್ಲಿ ಹೆಚ್ಚಿನವರಿಗೆ ಉಪಯೋಗವಾಗಬಹುದಾದವನ್ನು ಆರಿಸಿ ಈ ಸಲದ ಅಂಕಣವನ್ನು ಅವಕ್ಕೇ ಮೀಸಲಿಟ್ಟಿದ್ದೇವೆ. ಪತ್ರ ಬರೆದವರ ಹೆಸರನ್ನೂ ಅಂಗಡಿಗಳ ಹೆಸರನ್ನೂ ಬಿಟ್ಟಿದ್ದೇವೆ.

ಪ್ರಶ್ನೆ: ನಾನು ಕಾಸರಗೋಡಿನ ವಿದ್ಯಾನಗರದ ಬಳಿ ಕೋಣೆ ಹಿಡಿದು ಕೆಲಸಕ್ಕೆ ಹೋಗುತ್ತಿದ್ದೇನೆ. ಸ್ವಯಂಸೇವೆಯ ಲಾಂಡ್ರಿಯೊಂದರಲ್ಲಿ ಬಟ್ಟೆ ಒಗೆದು, ಡ್ರೈಯರಿಗೆ ಹಾಕಿ, ಪಕ್ಕದ ಹೋಟೆಲಿನಲ್ಲಿ ಊಟ ಮುಗಿಸಿ ಬರುವಷ್ಟರಲ್ಲಿ ಎರಡು ಪ್ಯಾಂಟು, ಮೂರು ಅಂಗಿ ಮತ್ತು ಭಾವ ಗಲ್ಫಿನಿಂದ ತಂದುಕೊಟ್ಟಿದ್ದ ಕಂಬಳಿ ಕಾಣೆಯಾಗಿದ್ದವು. ಒಟ್ಟು ಬೆಲೆ ಆರು ಸಾವಿರ ರೂಪಾಯಿಗೆ ಕಡಿಮೆಯಿಲ್ಲ. ಫಲಕದಲ್ಲಿದ್ದ ಸಂಖ್ಯೆಗೆ ಕರೆ ಮಾಡಿದಾಗ, ‘ಬಟ್ಟೆಗಳಿಗೆ ಗ್ರಾಹಕರೇ ಹೊಣೆ ಎಂದು ಬೋರ್ಡು ಹಾಕಿದ್ದೇವೆ, ಓದಲಿಲ್ಲವೇ?’ ಎಂದು ಕೇಳಿದರು. ಕ್ಯಾಮೆರಾದ ದೃಶ್ಯ ತೋರಿಸಲು ಒಪ್ಪಲಿಲ್ಲ. ನನಗೆ ದಾರಿ ಇದೆಯೇ?

ಉತ್ತರ: ದಾರಿ ಇದೆ. ಬೋರ್ಡು ಹಾಕಿದ ಮಾತ್ರಕ್ಕೆ ಅಂಗಡಿಯವರ ಹೊಣೆ ತೀರುವುದಿಲ್ಲ. ಆದರೆ ಬಟ್ಟೆಯನ್ನು ಆಳಿನ ಕೈಗೆ ಕೊಟ್ಟು ರಸೀದಿ ಪಡೆದವರ ದೂರಿನಷ್ಟು ನಿಮ್ಮ ದೂರು ನೇರವಾದುದಲ್ಲ. ಈ ವ್ಯತ್ಯಾಸವನ್ನು ತಿಳಿದುಕೊಂಡು ಹೊರಟರೆ ಎಲ್ಲಿ ಗಟ್ಟಿಯಾಗಿ ನಿಲ್ಲಬಹುದು ಎಂಬುದು ಸ್ಪಷ್ಟವಾಗುತ್ತದೆ.

1872ರ ಭಾರತೀಯ ಕರಾರು ಕಾಯಿದೆಯ 148ನೆಯ ಕಲಮಿನಿಂದ ಮುಂದಕ್ಕೆ, ಒಂದು ವಸ್ತುವನ್ನು ಒಂದು ಉದ್ದೇಶಕ್ಕಾಗಿ ಇನ್ನೊಬ್ಬರ ವಶಕ್ಕೆ ಒಪ್ಪಿಸಿ ಕೆಲಸ ಮುಗಿದ ಮೇಲೆ ಹಿಂದಕ್ಕೆ ಪಡೆಯುವ ವ್ಯವಹಾರದ ನಿಯಮಗಳಿವೆ. ಹಾಗೆ ವಶಕ್ಕೆ ಪಡೆದವನು, ಸಾಮಾನ್ಯ ವಿವೇಕದ ಮನುಷ್ಯ ತನ್ನದೇ ವಸ್ತುವನ್ನು ಎಷ್ಟು ಜೋಪಾನವಾಗಿ ನೋಡಿಕೊಳ್ಳುವನೋ ಅಷ್ಟು ಜೋಪಾನವಾಗಿ ಅದನ್ನು ನೋಡಿಕೊಳ್ಳಬೇಕೆಂದು 151ನೆಯ ಕಲಮು ಹೇಳುತ್ತದೆ. ಮಡಿವಾಳರ ಅಂಗಡಿಗೆ ಕೊಟ್ಟ ಬಟ್ಟೆ ಈ ನಿಯಮದ ಒಳಗೆ ಸಂಶಯವಿಲ್ಲದೆ ಬರುತ್ತದೆ. ಸ್ವಯಂಸೇವೆಯ ಲಾಂಡ್ರಿಯಲ್ಲಿ ಬಟ್ಟೆ ಹಾಕಿದವರು ನೀವು, ಗುಂಡಿ ಒತ್ತಿದವರು ನೀವು, ತೆಗೆಯಬೇಕಾದವರೂ ನೀವೇ. ಆದ್ದರಿಂದ ‘ನಾವು ಯಂತ್ರವನ್ನು ಬಾಡಿಗೆಗೆ ಕೊಟ್ಟಿದ್ದೇವೆ, ಬಟ್ಟೆಯನ್ನು ವಶಕ್ಕೆ ಪಡೆದಿಲ್ಲ’ ಎಂದು ಮಾಲೀಕರು ವಾದಿಸಬಹುದು, ಮತ್ತು ಆ ವಾದದಲ್ಲಿ ಸ್ವಲ್ಪ ಹುರುಳಿದೆ.

ಆದರೂ ಅವರು ಪೂರ್ತಿಯಾಗಿ ತಪ್ಪಿಸಿಕೊಳ್ಳುವಂತಿಲ್ಲ. ಹಣ ಪಡೆದು ಸೇವೆ ಕೊಡುವವರೆಲ್ಲರೂ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬರುತ್ತಾರೆ. ಅಂಗಡಿಯಲ್ಲಿ ಆಳು ಇಲ್ಲ ಎಂಬ ಕಾರಣಕ್ಕೆ ಅಂಗಡಿಗೆ ಯಜಮಾನನಿಲ್ಲ ಎಂದಾಗುವುದಿಲ್ಲ. ‘ಇಪ್ಪತ್ತನಾಲ್ಕು ಗಂಟೆಯೂ ಕ್ಯಾಮೆರಾ ಕಾವಲು’ ಎಂದು ಹೊರಗೆ ಬರೆದು, ಒಳಗಿನ ಕ್ಯಾಮೆರಾ ಕೆಟ್ಟಿದ್ದರೆ, ಅಥವಾ ಅದು ಡ್ರೈಯರುಗಳ ಕಡೆಗೆ ಮುಖ ಮಾಡಿರದೆ ಹಣದ ಪೆಟ್ಟಿಗೆಯನ್ನು ಮಾತ್ರ ನೋಡುತ್ತಿದ್ದರೆ, ಅದು ಸೇವೆಯ ಕೊರತೆ. ಇಲ್ಲದ ಭದ್ರತೆಯನ್ನು ಇದೆಯೆಂದು ತೋರಿಸಿ ಗ್ರಾಹಕರನ್ನು ಒಳಗೆ ಕರೆದದ್ದು ಅನುಚಿತ ವ್ಯಾಪಾರ ಪದ್ಧತಿಯೂ ಆಗುತ್ತದೆ. ಬೋರ್ಡಿನ ವಿಷಯಕ್ಕೆ ಬಂದರೆ, 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಹೋಟೆಲೊಂದರಿಂದ ಕಾರು ಕಳವಾದ ಪ್ರಕರಣದಲ್ಲಿ, ಕೀಲಿಕೈಯನ್ನು ಹೋಟೆಲಿನ ನೌಕರನಿಗೆ ಒಪ್ಪಿಸಿದ ಮೇಲೆ ‘ಮಾಲೀಕರ ಹೊಣೆಯಲ್ಲಿ ನಿಲುಗಡೆ’ ಎಂಬ ಸೂಚನೆಯ ಮರೆಯಲ್ಲಿ ತನ್ನ ನಿರ್ಲಕ್ಷ್ಯದ ಹೊಣೆಯಿಂದ ಹೋಟೆಲು ಜಾರಿಕೊಳ್ಳಲಾಗದು ಎಂದು ತೀರ್ಪು ಕೊಟ್ಟಿದೆ. ಅಲ್ಲಿ ಕೀಲಿಕೈ ಕೈಬದಲಾಗಿತ್ತು, ಇಲ್ಲಿ ಬಟ್ಟೆ ಕೈಬದಲಾಗಿಲ್ಲ. ಆದುದರಿಂದ ಆ ತೀರ್ಪು ನಿಮಗೆ ಹಾಗೆಯೇ ಅನ್ವಯಿಸುತ್ತದೆ ಎಂದು ಹೇಳಲಾರೆ. ನಿರ್ಲಕ್ಷ್ಯವನ್ನು ಬೋರ್ಡಿನಿಂದ ಮುಚ್ಚಲಾಗದು ಎಂಬ ಅದರ ತಿರುಳನ್ನು ಮಾತ್ರ ನೀವು ಧಾರಾಳವಾಗಿ ಮುಂದಿಡಬಹುದು.

ಈಗ ಮಾಡಬೇಕಾದದ್ದು, ತಡಮಾಡದೆ. ಕ್ಯಾಮೆರಾದ ಮುದ್ರಿಕೆ ಶಾಶ್ವತವಲ್ಲ. ಹಾರ್ಡ್ ಡಿಸ್ಕ್ ತುಂಬಿದಂತೆ ಹಳೆಯ ದೃಶ್ಯದ ಮೇಲೆ ಹೊಸತು ತಾನಾಗಿ ಮುದ್ರಣವಾಗುತ್ತದೆ, ಕೆಲವು ಕಡೆ ಕೆಲವೇ ದಿನಗಳಲ್ಲಿ. ಬೇರೆ ಗ್ರಾಹಕರ ಚಿತ್ರಗಳೂ ಇರುವ ದೃಶ್ಯವನ್ನು ನಿಮ್ಮ ಕೈಗೆ ಕೊಡಲು ಮಾಲೀಕರು ಹಿಂಜರಿದರೆ ಅದನ್ನು ತಪ್ಪೆನ್ನಲಾಗದು. ಆದ್ದರಿಂದ ‘ಕೊಡಿ’ ಎಂದು ಕೇಳುವ ಬದಲು ‘ಅಳಿಸಬೇಡಿ’ ಎಂದು ಕೇಳಿ: ದಿನಾಂಕ, ಸಮಯ, ಡ್ರೈಯರಿನ ಸಂಖ್ಯೆ ನಮೂದಿಸಿ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯ ವರೆಗಿನ ದೃಶ್ಯವನ್ನು ಕಾಯ್ದಿರಿಸಬೇಕೆಂದು ವಾಟ್ಸಾಪಿನಲ್ಲಾದರೂ ಬರಹದ ಮೂಲಕ ತಿಳಿಸಿ. ತನಿಖೆಗೆ ಬೇಕಾದರೆ ಪೊಲೀಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೆಯ ಕಲಮಿನಂತೆ ಅದನ್ನು ತರಿಸಿಕೊಳ್ಳಬಲ್ಲರು. ನಿಮ್ಮ ಬರಹ ತಲುಪಿದ ಮೇಲೂ ದೃಶ್ಯ ಅಳಿಸಿಹೋದರೆ, ಅದೇ ನಿಮ್ಮ ದೂರಿನ ಬಲವಾದ ಅಂಶವಾಗುತ್ತದೆ.

ಪೊಲೀಸು ದೂರನ್ನೂ ಕೊಡಿ. ಕಳವು ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನ ಅಪರಾಧ. ಕಳವಾದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿರುವ ಸಣ್ಣ ಕಳವುಗಳನ್ನು ಹೊಸ ಸಂಹಿತೆ ಬೇರೆಯಾಗಿ ನೋಡುತ್ತದೆ: ಮೊದಲ ಸಲ ಸಿಕ್ಕಿಬಿದ್ದವನು ವಸ್ತುವನ್ನೋ ಬೆಲೆಯನ್ನೋ ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಅಂಥ ಪ್ರಕರಣಗಳಲ್ಲಿ ಪೊಲೀಸರು ನ್ಯಾಯಾಧೀಶರ ಅನುಮತಿಯಿಲ್ಲದೆ ತನಿಖೆಗೆ ಇಳಿಯುವಂತಿಲ್ಲ. ನಿಮ್ಮ ಬಟ್ಟೆಗಳ ಬೆಲೆ ಆ ಗೆರೆಯನ್ನು ದಾಟುವುದರಿಂದ, ಸಿಕ್ಕಿದಷ್ಟು ಖರೀದಿ ಬಿಲ್ಲುಗಳನ್ನೂ ಆ ಬಟ್ಟೆ ತೊಟ್ಟಿರುವ ಹಳೆಯ ಫೋಟೋಗಳನ್ನೂ ದೂರಿಗೆ ಲಗತ್ತಿಸಿ. ಬಾಯಿಮಾತಿನಲ್ಲಿ ಹೇಳಿದ್ದನ್ನು ಬರೆದುಕೊಂಡು ಓದಿ ಹೇಳುವುದು, ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಕೊಡುವುದು ಠಾಣೆಯವರ ಕರ್ತವ್ಯ.

ಇನ್ನು, ಮುಂದೆ ಹೀಗಾಗದಿರಲು ಯಂತ್ರದ ಒಂದು ಗುಣವನ್ನು ತಿಳಿದಿರಬೇಕು. ಮುಂದುಗಡೆ ಬಾಗಿಲಿರುವ ಒಗೆಯುವ ಯಂತ್ರದಲ್ಲಿ ನೀರು ತುಂಬಿರುವುದರಿಂದ ಕೆಲಸ ನಡೆಯುವಷ್ಟು ಹೊತ್ತೂ ಬಾಗಿಲು ಬೀಗ ಬಿದ್ದಿರುತ್ತದೆ; ತಿರುಗುವುದು ನಿಂತ ಮೇಲೂ ಒಂದೆರಡು ನಿಮಿಷ ಬಿಟ್ಟೇ ಅದು ತೆರೆದುಕೊಳ್ಳುತ್ತದೆ. ಡ್ರೈಯರಿಗೆ ಸಾಮಾನ್ಯವಾಗಿ ಆ ಬೀಗವಿಲ್ಲ. ಬಾಗಿಲು ಎಳೆದರೆ ತಿರುಗುವುದು ನಿಲ್ಲುತ್ತದೆ, ಕೈ ಹಾಕಿದವರಿಗೆ ಬಟ್ಟೆ ಸಿಗುತ್ತದೆ. ಚಹಾ ಕುಡಿಯುವುದಿದ್ದರೂ ಊಟ ಮಾಡುವುದಿದ್ದರೂ ಒಗೆಯುವ ಹೊತ್ತಿನಲ್ಲಿ ಹೋಗಿ ಬನ್ನಿ, ಒಗೆತ ಮುಗಿಯುವ ಮೊದಲೇ ಹಿಂದಿರುಗಿ. ಒಣಗಿಸುವ ಹೊತ್ತಿನಲ್ಲಿ ಅಲ್ಲಿಯೇ ಕುಳಿತಿರಿ.

ಪ್ರಶ್ನೆ: ನಮ್ಮ ಮನೆ ಉಪ್ಪಳದಲ್ಲಿ. ಅತ್ತೆಯವರ ರೇಷ್ಮೆ ಸೀರೆಯೊಂದನ್ನು ಮಂಗಳೂರಿನ ಲಾಂಡ್ರಿಗೆ ಡ್ರೈಕ್ಲೀನಿಂಗಿಗೆ ಕೊಟ್ಟಿದ್ದೆ. ಮೂರು ಸಲ ಅಲೆಸಿದ ಮೇಲೆ ಸೀರೆ ಕಳೆದುಹೋಗಿದೆ ಎಂದು ಒಪ್ಪಿಕೊಂಡರು. ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ಪರಿಹಾರ ಒಗೆತದ ಶುಲ್ಕದ ಐದು ಪಟ್ಟು ಮೀರದು ಎಂದು ಅಚ್ಚಾಗಿದೆ. ಸೀರೆಯ ಬೆಲೆ ಹದಿನೆಂಟು ಸಾವಿರ. ನಾವು ಕೇರಳದವರು, ಅಂಗಡಿ ಕರ್ನಾಟಕದ್ದು. ಯಾವ ಊರಿಗೆ ಹೋಗಿ ದೂರು ಕೊಡಬೇಕು? ವಕೀಲರನ್ನು ಇಡಲು ನಮ್ಮಿಂದಾಗದು.

ಉತ್ತರ: ನೀವು ಮಂಗಳೂರಿಗೆ ಹೋಗಬೇಕಾಗಿಲ್ಲ. ಹಳೆಯ ಕಾಯಿದೆಯಲ್ಲಿ ಎದುರು ಪಕ್ಷದವರ ಊರಿನಲ್ಲಿ ಅಥವಾ ವ್ಯವಹಾರ ನಡೆದ ಊರಿನಲ್ಲಿ ದೂರು ಕೊಡಬೇಕಿತ್ತು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಕಾಯಿದೆಯ 34ನೆಯ ಕಲಮು, ದೂರುದಾರರು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗಕ್ಕೂ ಆ ಅಧಿಕಾರ ಕೊಟ್ಟಿದೆ. ಔಷಧಕ್ಕೂ ಓದಿಗೂ ಮದುವೆಯ ಜವಳಿಗೂ ತಲಪಾಡಿ ದಾಟುವ ನಮ್ಮ ಜಿಲ್ಲೆಯ ಜನರಿಗೆ ಇದಕ್ಕಿಂತ ಉಪಯುಕ್ತವಾದ ಬದಲಾವಣೆ ಆ ಕಾಯಿದೆಯಲ್ಲಿ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ, ಮತ್ತು ಅದು ಇನ್ನೂ ಹೆಚ್ಚಿನವರಿಗೆ ತಿಳಿದಿಲ್ಲವೆಂಬ ಬೇಸರವೂ ಇದೆ. ಕಾಸರಗೋಡಿನ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗದಲ್ಲಿಯೇ ದೂರು ದಾಖಲಿಸಿ. ಕೊಟ್ಟ ಶುಲ್ಕ ಐದು ಲಕ್ಷ ರೂಪಾಯಿಯ ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಘಟನೆ ನಡೆದ ಎರಡು ವರ್ಷಗಳ ಒಳಗೆ ದೂರು ಸಲ್ಲಿಸಬೇಕು.

ರಸೀದಿಯ ಹಿಂಬದಿಯ ಷರತ್ತಿನ ಬಗ್ಗೆ ಹೇಳುವುದಾದರೆ, ಲಾಂಡ್ರಿಯ ಸೀರೆಯದ್ದೇ ಒಂದು ತೀರ್ಪು ಇದೆ. 1966ರ ಕಾನೂನು ವರದಿಗಳಲ್ಲಿ ಪ್ರಕಟವಾದ, ‘ಲಿಲಿ ವೈಟ್’ ಪ್ರಕರಣವೆಂದು ಕಾನೂನು ಓದಿದವರೆಲ್ಲ ತಿಳಿದಿರುವ ಆ ಮೊಕದ್ದಮೆಯಲ್ಲಿ, ಬಟ್ಟೆ ಕಳೆದರೆ ಅದರ ಮಾರುಕಟ್ಟೆ ಬೆಲೆಯ ಶೇಕಡಾ 15ರಷ್ಟನ್ನು ಮಾತ್ರ ಕೊಡುವುದಾಗಿ ರಸೀದಿಯಲ್ಲಿ ಅಚ್ಚಾಗಿತ್ತು. ಅಂಥ ಷರತ್ತು ಸಾರ್ವಜನಿಕ ಹಿತಕ್ಕೆ ವಿರುದ್ಧವಾದುದು, ಅದನ್ನು ಜಾರಿಗೊಳಿಸಲಾಗದು ಎಂದು ಮದ್ರಾಸು ಹೈಕೋರ್ಟು ಹೇಳಿತು. ಅದರ ಹಿಂದಿನ ಯೋಚನೆ ಸರಳ: ಬೆಲೆಯ ಸಣ್ಣ ಪಾಲನ್ನಷ್ಟೇ ಕೊಟ್ಟು ಮುಗಿಸಬಹುದಾದರೆ, ಲಾಂಡ್ರಿಯವರಿಗೆ ಬಟ್ಟೆಯನ್ನು ಜೋಪಾನ ಮಾಡುವುದಕ್ಕಿಂತ ಕಳೆದುಬಿಡುವುದೇ ಲಾಭವಾಗಿ ತೋರೀತು. ಕಾಸರಗೋಡು 1956ರ ನವೆಂಬರ್ 1ರಂದೇ ಮದ್ರಾಸಿನಿಂದ ಬೇರೆಯಾಗಿ ಕೇರಳಕ್ಕೆ ಸೇರಿದ್ದರಿಂದ ಆ ತೀರ್ಪು ಇಲ್ಲಿಯ ಆಯೋಗವನ್ನು ಕಟ್ಟಿಹಾಕುವುದಿಲ್ಲ, ಆದರೆ ಮನವೊಲಿಸುವ ಬಲ ಅದಕ್ಕಿದೆ. ಒಂದು ಎಚ್ಚರಿಕೆ: ಏಕಪಕ್ಷೀಯ ಕರಾರನ್ನೇ ಅಸಿಂಧುವೆಂದು ಘೋಷಿಸುವ ಅಧಿಕಾರವನ್ನು 2019ರ ಕಾಯಿದೆ ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗೆ ಕೊಟ್ಟಿದೆ, ಜಿಲ್ಲಾ ಆಯೋಗಕ್ಕಲ್ಲ. ಆದುದರಿಂದ ನಿಮ್ಮ ದೂರನ್ನು ಕರಾರಿನ ಮೇಲೆ ಕಟ್ಟದೆ, ವಶಕ್ಕೆ ಪಡೆದ ಸೀರೆಯನ್ನು ಕಳೆದ ಸೇವಾ ಕೊರತೆಯ ಮೇಲೆ ಕಟ್ಟಿ.

ಆಯೋಗಕ್ಕೆ ಹೋಗುವ ಮುನ್ನ 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲಿಯೂ ಮಾತಾಡಬಹುದು. ಅವರು ಅಂಗಡಿಯವರನ್ನು ಸಂಪರ್ಕಿಸಿ ರಾಜಿಗೆ ಯತ್ನಿಸುತ್ತಾರೆ, ಅನೇಕ ದೂರುಗಳು ಅಲ್ಲಿಗೇ ಮುಗಿಯುತ್ತವೆ. ಸೀರೆ ಕಳೆದಿದೆ ಎಂಬ ಒಪ್ಪಿಗೆ ಬಾಯಿಮಾತಿನದ್ದಾಗಿದ್ದರೆ ಒಂದು ಸಂದೇಶ ಕಳಿಸಿ ಅದಕ್ಕೆ ಉತ್ತರ ಬರುವಂತೆ ಮಾಡಿ. ಖರೀದಿಯ ಬಿಲ್ಲು ಇಲ್ಲದಿದ್ದರೆ ಮದುವೆಯದ್ದೋ ಗೃಹಪ್ರವೇಶದ್ದೋ ಫೋಟೋದಲ್ಲಿ ಅತ್ತೆಯವರು ಆ ಸೀರೆ ಉಟ್ಟಿರುವುದನ್ನು ಹುಡುಕಿ ಇಡಿ. ಹಳೆಯ ಸೀರೆಗೆ ಹೊಸ ಸೀರೆಯ ಪೂರ್ತಿ ಬೆಲೆ ಸಿಗಲಿಕ್ಕಿಲ್ಲ, ಬಳಕೆಯ ವರ್ಷಗಳನ್ನು ನೋಡಿ ಕಡಿತ ಮಾಡಬಹುದು. ಅಲೆದಾಟಕ್ಕೂ ಮನಸ್ಸಿನ ನೋವಿಗೂ ಪ್ರತ್ಯೇಕ ಪರಿಹಾರ ಕೇಳಲು ಮರೆಯಬೇಡಿ.

ಪ್ರಶ್ನೆ: ಲಾಂಡ್ರಿಯ ಯಂತ್ರಕ್ಕೆ ಕ್ಯೂಆರ್ ಮೂಲಕ 180 ರೂಪಾಯಿ ಕಟ್ಟಿದೆ. ಹಣ ಹೋಯಿತು, ಯಂತ್ರ ತಿರುಗಲಿಲ್ಲ. ಮೊಬೈಲಿನಲ್ಲಿ ಹುಡುಕಿ ಸಿಕ್ಕಿದ ‘ಕಸ್ಟಮರ್ ಕೇರ್’ ಸಂಖ್ಯೆಗೆ ಕರೆ ಮಾಡಿದಾಗ, ಹಣ ವಾಪಸು ಹಾಕಲು ಒಂದು ಆ್ಯಪ್ ಇಳಿಸಿಕೊಳ್ಳಿ, ಬಂದ ಕೋರಿಕೆಗೆ ಪಿನ್ ಒತ್ತಿ ಎಂದರು. ಖಾತೆಯಿಂದ 9,000 ರೂಪಾಯಿ ಹೋಯಿತು. ಇದು ಲಾಂಡ್ರಿಯವರ ಮೋಸವೇ? (ಕುಂಬಳೆ)

ಉತ್ತರ: ಬಹುಮಟ್ಟಿಗೆ ಅಲ್ಲ, ಆ ಸಂಖ್ಯೆ ಲಾಂಡ್ರಿಯದ್ದಾಗಿರಲಾರದು. ಸಿಟ್ಟಿನಲ್ಲಿ, ಅವಸರದಲ್ಲಿ ಸಹಾಯವಾಣಿ ಹುಡುಕುವವರಿಗಾಗಿಯೇ ವಂಚಕರು ಸುಳ್ಳು ಸಂಖ್ಯೆಗಳನ್ನು ಜಾಲತಾಣಗಳಲ್ಲಿ ಹರಡಿರುತ್ತಾರೆ. ಯುಪಿಐಯಲ್ಲಿ ಹಣ ಬರಲು ಎಂದಿಗೂ ಪಿನ್ ಬೇಡ. ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದೇ ಅರ್ಥ. ನೀವು ಇನ್ನೂ ಮಾಡಿಲ್ಲದಿದ್ದರೆ ಈ ಪತ್ರಿಕೆಯನ್ನು ಕೆಳಗಿಟ್ಟು 1930ಕ್ಕೆ ಕರೆ ಮಾಡಿ. ಸೈಬರ್ ವಂಚನೆಯ ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಹಿಡಿಯಲು ಇರುವ ವ್ಯವಸ್ಥೆ ಅದು, ಅದರಲ್ಲಿ ಗಂಟೆಗಳಿಗೂ ಬೆಲೆಯಿದೆ. ಬ್ಯಾಂಕಿಗೂ ಕೂಡಲೇ ಬರೆದು ತಿಳಿಸಿ, ಮತ್ತು ಇಳಿಸಿಕೊಂಡ ಆ್ಯಪನ್ನು ತೆಗೆದುಹಾಕಿ. ನಿಮ್ಮ ಪರದೆಯಲ್ಲಿ ಮೂಡುವುದನ್ನೆಲ್ಲ ದೂರದಲ್ಲಿ ಕುಳಿತು ನೋಡಲು ಅವರಿಗೆ ಅದು ಕಿಟಕಿಯಾಗಿದ್ದಿರಬಹುದು.

ಇನ್ನು ಮೊದಲು ಹೋದ 180 ರೂಪಾಯಿ. ಇಲ್ಲಿ ಎರಡು ಬಗೆ. ನಿಮ್ಮ ಖಾತೆಯಿಂದ ಹಣ ಕಡಿತವಾಗಿ ಅಂಗಡಿಯ ಖಾತೆಗೆ ಪಾವತಿ ಖಚಿತವಾಗದೆ ನಡುವೆ ಸಿಲುಕಿದ್ದರೆ, ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರಿನ ಸುತ್ತೋಲೆಯಂತೆ ವ್ಯವಹಾರದ ದಿನ ಬಿಟ್ಟು ಐದು ದಿನಗಳೊಳಗೆ ಅದು ತಾನಾಗಿ ಹಿಂದಿರುಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವೂ ಸಲ್ಲಬೇಕು. ಹಣ ಅಂಗಡಿಯ ಖಾತೆಗೆ ಮುಟ್ಟಿ ಯಂತ್ರ ಮಾತ್ರ ತಿರುಗದಿದ್ದರೆ ಅದು ಬ್ಯಾಂಕಿನ ವಿಷಯವಲ್ಲ, ಹಣ ಪಡೆದು ಸೇವೆ ಕೊಡದ ಅಂಗಡಿಯವರ ವಿಷಯ. ಆ್ಯಪಿನಲ್ಲಿ ಆ ಪಾವತಿಯ ವಿವರ ತೆರೆದರೆ ಯಾವ ಸ್ಥಿತಿಯಲ್ಲಿದೆ ಎಂದು ಕಾಣುತ್ತದೆ. ಯಂತ್ರದ ಸಂಖ್ಯೆ ಮತ್ತು ಅದು ತೋರಿಸುತ್ತಿದ್ದ ದೋಷಸೂಚನೆಯ ಫೋಟೋ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಬಾಗಿಲು ಸರಿಯಾಗಿ ಮುಚ್ಚದೆ ಹಣ ಕಟ್ಟಿದ್ದರಿಂದಲೂ ಯಂತ್ರ ನಿಂತಿರಬಹುದು. ಒಮ್ಮೆ ಗಟ್ಟಿಯಾಗಿ ಮುಚ್ಚಿ ನೋಡಿದ ಮೇಲೆಯೇ ಎರಡನೆಯ ಸಲ ಹಣ ಕಟ್ಟುವ ಯೋಚನೆ ಮಾಡಿ.

ಆಳಿಲ್ಲದ ಅಂಗಡಿಗಳಲ್ಲಿ ಇನ್ನೊಂದು ಅಪಾಯವಿದೆ. ಮೂಲ ಕ್ಯೂಆರ್ ಮೇಲೆ ಬೇರೆಯವರು ತಮ್ಮ ಕ್ಯೂಆರ್ ಅಂಟಿಸಿ ಹೋದರೆ ನೋಡಿಕೊಳ್ಳಲು ಅಲ್ಲಿ ಯಾರೂ ಇರುವುದಿಲ್ಲ. ಅಂಚು ಎದ್ದಿರುವ, ಒಂದರ ಮೇಲೊಂದು ಅಂಟಿಸಿದಂತಿರುವ ಚೀಟಿಯನ್ನು ಕಂಡರೆ ಹಣ ಕಟ್ಟಬೇಡಿ. ಪಿನ್ ಒತ್ತುವ ಮೊದಲು ಪರದೆಯಲ್ಲಿ ಮೂಡುವ ಹೆಸರು ಅಂಗಡಿಯದ್ದೇ ಎಂದು ಓದಿ ನೋಡಿ. ಅಂಗಡಿಯ ಸಂಪರ್ಕ ಸಂಖ್ಯೆಯನ್ನು ಗೋಡೆಯ ಪರವಾನಗಿ ಪತ್ರದಿಂದಲೋ ಬಿಲ್ಲಿನಿಂದಲೋ ತೆಗೆದುಕೊಳ್ಳಿ, ಹುಡುಕಾಟದಿಂದ ಬೇಡ.

ಪ್ರಶ್ನೆ: ನಾನು ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ವಿದ್ಯಾರ್ಥಿನಿ. ರಜೆಯಲ್ಲಿ ಗೆಳತಿಯರೊಡನೆ ಪಟ್ಟಣದಲ್ಲಿ ಉಳಿದಿದ್ದಾಗ ಸ್ವಯಂಸೇವೆಯ ಲಾಂಡ್ರಿಗೆ ಸಂಜೆಯ ಮೇಲೆ ಹೋಗುತ್ತಿದ್ದೆವು. ಬಟ್ಟೆ ಒಗೆಯಲಿಕ್ಕಿಲ್ಲದ ಒಬ್ಬರು ಅಲ್ಲಿ ಬಂದು ಕುಳಿತು ದಿಟ್ಟಿಸುವುದು, ಒಮ್ಮೆ ಹಿಂಬಾಲಿಸಿದ್ದೂ ಆಯಿತು. ಇದಲ್ಲದೆ ಆ ಲಾಂಡ್ರಿಯ ಆ್ಯಪ್ ನಮ್ಮ ಮೊಬೈಲಿನ ಸಂಪರ್ಕ ಪಟ್ಟಿಗೂ ನಾವಿರುವ ಸ್ಥಳಕ್ಕೂ ಅನುಮತಿ ಕೇಳುತ್ತದೆ. ಕೊಡಬೇಕೇ?

ಉತ್ತರ: ಹಿಂಬಾಲಿಸಿದ್ದನ್ನು ಸಣ್ಣದೆಂದು ಬಿಡಬೇಡಿ. ಹೆಣ್ಣೊಬ್ಬಳು ಬೇಡವೆಂದು ಸ್ಪಷ್ಟಪಡಿಸಿದ ಮೇಲೂ ಪದೇ ಪದೇ ಹಿಂಬಾಲಿಸುವುದು, ಸಂಪರ್ಕಿಸಲು ಯತ್ನಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಲ್ಲಿ ಅಪರಾಧ. ಆ ಕ್ಷಣಕ್ಕೆ 112. ಕೇರಳದಲ್ಲಿ ಮಹಿಳೆಯರಿಗಾಗಿ ಇರುವ ಪಿಂಕ್ ಪೊಲೀಸ್ ಗಸ್ತಿನ ಸಂಖ್ಯೆ 1515, ಸಲಹೆಗೂ ಆಸರೆಗೂ 181. ಮೂರನ್ನೂ ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಅಂಗಡಿಯ ಮಾಲೀಕರಿಗೂ ಬರೆದು ತಿಳಿಸಿ: ಬಟ್ಟೆಯಿಲ್ಲದೆ ಬಂದು ಕುಳಿತುಕೊಳ್ಳುವವರನ್ನು ಹೊರಗೆ ಕಳಿಸುವ ಹಕ್ಕು ಅವರಿಗಿದೆ, ರಾತ್ರಿ ಅಂಗಡಿ ತೆರೆದಿಡುವುದಾದರೆ ಬೆಳಕನ್ನೂ ನಡೆಯುವ ಕ್ಯಾಮೆರಾವನ್ನೂ ಕರೆದರೆ ಎತ್ತುವ ದೂರವಾಣಿಯನ್ನೂ ಒದಗಿಸುವ ಕರ್ತವ್ಯವೂ ಇದೆ. ಹೆಣ್ಣುಮಕ್ಕಳೇ ಹಗಲು ಹೋಗಿ ಬರಲಿ ಎಂದು ಹೇಳಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ದಿನವಿಡೀ ತರಗತಿಯಲ್ಲಿಯೋ ಆಸ್ಪತ್ರೆಯ ವಾರ್ಡಿನಲ್ಲಿಯೋ ಇರುವವರಿಗೆ ಸಂಜೆಯೇ ಬಿಡುವು. ಆದರೂ ಬೀದಿಗೆ ಮುಖ ಮಾಡಿದ, ಗಾಜಿನ ಮುಂಭಾಗದ, ಅಕ್ಕಪಕ್ಕದಲ್ಲಿ ಔಷಧದಂಗಡಿಯೋ ಹೋಟೆಲೋ ತೆರೆದಿರುವ ಜಾಗವನ್ನು ಆರಿಸಿಕೊಳ್ಳುವುದು ಒಳಿತು. ಬಟ್ಟೆಯ ಚೀಲಕ್ಕೆ ಹಾಸ್ಟೆಲಿನ ಹೆಸರು, ಕೋಣೆಯ ಸಂಖ್ಯೆ, ಮೊಬೈಲ್ ಸಂಖ್ಯೆಯನ್ನು ಬರೆದು ತೂಗಹಾಕುವ ರೂಢಿ ಹಲವರಲ್ಲಿದೆ. ಅಪರಿಚಿತರಿಗೆ ವಿಳಾಸ ಕೊಟ್ಟಂತಾಗುವ ಆ ಚೀಟಿಯನ್ನು ಕಿತ್ತುಹಾಕಿ, ಗುರುತಿಗೆ ಬಣ್ಣದ ನೂಲು ಸಾಕು. ಒಳ ಉಡುಪುಗಳನ್ನು ಜಿಪ್ ಇರುವ ಜಾಲರಿ ಚೀಲದಲ್ಲಿ ಹಾಕಿಯೇ ಯಂತ್ರಕ್ಕೆ ಹಾಕಿದರೆ ಕಳವಿನ ಭಯವೂ ಕಡಿಮೆ, ಕೊಕ್ಕೆಗಳು ಬೇರೆ ಬಟ್ಟೆಯನ್ನು ಹರಿಯುವುದೂ ತಪ್ಪುತ್ತದೆ.

ಆ್ಯಪಿನ ಬಗ್ಗೆ: ಬಟ್ಟೆ ಒಗೆಯಲು ಸಂಪರ್ಕ ಪಟ್ಟಿ ಬೇಡ. ಅನುಮತಿ ನಿರಾಕರಿಸಿ, ನಿರಾಕರಿಸಿದರೆ ನಡೆಯದ ಆ್ಯಪನ್ನು ಬಿಟ್ಟು ನೇರವಾಗಿ ಹಣ ಕಟ್ಟುವ ಯಂತ್ರವಿರುವಲ್ಲಿಗೆ ಹೋಗಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ ಹೇಳಿದ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಮಾಹಿತಿಗೆ ಒಪ್ಪಿಗೆ ಅನ್ವಯಿಸುತ್ತದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ, ಅಂದರೆ ಕನ್ನಡದಲ್ಲಿಯೂ, ಓದುವ ಅವಕಾಶ ಇರಬೇಕೆಂದು ಅದರಲ್ಲಿದೆ. ಕಾಯಿದೆ ಹಂತ ಹಂತವಾಗಿ ಜಾರಿಗೆ ಬರುತ್ತಿದೆ. ಕನ್ನಡದ ಸೂಚನೆ ಕೇಳುವ ಅಭ್ಯಾಸವನ್ನು ನಾವು ಈಗಲೇ ಆರಂಭಿಸಬಹುದು.

ಪ್ರಶ್ನೆ: ಲಾಂಡ್ರಿಯ ಯಂತ್ರದ ರಬ್ಬರ್ ಪಟ್ಟಿಯ ಸಂದಿಯಲ್ಲಿ ಚಿನ್ನದ ಉಂಗುರವೊಂದು ಸಿಕ್ಕಿದೆ. ಅಂಗಡಿಯವರನ್ನು ನಂಬಿ ಕೊಡಲು ಮನಸ್ಸಿಲ್ಲ. ಏನು ಮಾಡಲಿ? (ಬದಿಯಡ್ಕ)

ಉತ್ತರ: ನಿಮ್ಮಲ್ಲಿಯೇ ಇಟ್ಟುಕೊಳ್ಳುವಂತಿಲ್ಲ. ಸಿಕ್ಕಿದ ವಸ್ತುವನ್ನು ಕೈಗೆತ್ತಿಕೊಂಡವರಿಗೆ, ವಸ್ತುವನ್ನು ವಶಕ್ಕೆ ಪಡೆದವರಿಗಿರುವಷ್ಟೇ ಹೊಣೆಯಿದೆ ಎಂದು ಕರಾರು ಕಾಯಿದೆಯ 71ನೆಯ ಕಲಮು ಹೇಳುತ್ತದೆ. ಯಜಮಾನರನ್ನು ಹುಡುಕುವ ಯತ್ನ ಮಾಡದೆ ತನ್ನದಾಗಿಸಿಕೊಂಡರೆ ನ್ಯಾಯ ಸಂಹಿತೆಯ 314ನೆಯ ಕಲಮಿನಲ್ಲಿ ಆರು ತಿಂಗಳಿಗೆ ಕಡಿಮೆಯಿಲ್ಲದ ಸೆರೆವಾಸವೂ ದಂಡವೂ ಇದೆ. ಉಂಗುರದ ಫೋಟೋ ತೆಗೆದು, ಹತ್ತಿರದ ಠಾಣೆಗೆ ಒಪ್ಪಿಸಿ ರಸೀದಿ ಪಡೆಯಿರಿ. ‘ಒಡವೆ ಸಿಕ್ಕಿದೆ, ಗುರುತು ಹೇಳಿ ಠಾಣೆಯಿಂದ ಪಡೆಯಿರಿ’ ಎಂದಷ್ಟೇ ಲಾಂಡ್ರಿಯಲ್ಲಿ ಬರೆದು ಅಂಟಿಸಿ. ಉಂಗುರ ಎಂದಾಗಲಿ ಅದರ ಗುರುತನ್ನಾಗಲಿ ಬರೆಯಬೇಡಿ. ನಿಮ್ಮ ಬಟ್ಟೆ ಹಾಕುವ ಮುನ್ನವೂ ತೆಗೆದ ಮೇಲೂ ಆ ರಬ್ಬರ್ ಪಟ್ಟಿಯ ಮಡಿಕೆಯೊಳಗೆ ಬೆರಳಾಡಿಸುವ ಅಭ್ಯಾಸ ಒಳ್ಳೆಯದು, ಕಾಲುಚೀಲ ಕಾಣೆಯಾಗುವುದೂ ಬಹಳ ಸಲ ಅಲ್ಲಿಯೇ.

ಪ್ರಶ್ನೆ: ಎಲ್ಲರ ಬಟ್ಟೆ ಹಾಕುವ ಯಂತ್ರದಿಂದ ಕಜ್ಜಿ ಅಂಟುವುದೇ? ಮಗನ ಹಾಸ್ಟೆಲಿನಲ್ಲಿ ಹಲವರಿಗೆ ಬಂದಿದೆ. (ಮುಳ್ಳೇರಿಯ)

ಉತ್ತರ: ಕಜ್ಜಿಯ ಹುಳ ಹರಡುವುದು ಮುಖ್ಯವಾಗಿ ಚರ್ಮಕ್ಕೆ ಚರ್ಮ ತಾಗಿ ಬಹಳ ಹೊತ್ತು ಇದ್ದಾಗ, ಒಂದೇ ಹಾಸಿಗೆ, ಒಂದೇ ಹೊದಿಕೆ ಹಂಚಿಕೊಳ್ಳುವ ಹಾಸ್ಟೆಲಿನಲ್ಲಿ ಅದಕ್ಕೇ ಹೆಚ್ಚು. ಮನುಷ್ಯನ ಮೈಯಿಂದ ಬೇರ್ಪಟ್ಟ ಹುಳ ಸಾಮಾನ್ಯವಾಗಿ ಎರಡು ಮೂರು ದಿನಗಳಿಗಿಂತ ಹೆಚ್ಚು ಬದುಕುವುದಿಲ್ಲ. 50 ಡಿಗ್ರಿ ಸೆಲ್ಸಿಯಸಿಗಿಂತ ಹೆಚ್ಚಿನ ಬಿಸಿಯಲ್ಲಿ ಹತ್ತು ನಿಮಿಷ ಇದ್ದರೆ ಹುಳವೂ ಮೊಟ್ಟೆಯೂ ಸಾಯುತ್ತವೆ. ಆದ್ದರಿಂದ ಯಂತ್ರಕ್ಕೆ ಹೆದರುವುದಕ್ಕಿಂತ ಅದನ್ನು ಬಳಸಿಕೊಳ್ಳುವುದು ಮೇಲು: ಹಾಸು, ಹೊದಿಕೆ, ಟವೆಲುಗಳನ್ನು 60 ಡಿಗ್ರಿಯಲ್ಲಿ ಒಗೆದು ಬಿಸಿಯ ಡ್ರೈಯರಿನಲ್ಲಿ ಪೂರ್ತಿ ಒಣಗಿಸಲಿ. ತಣ್ಣೀರಿನ ಒಗೆತದಿಂದ ಆ ಫಲ ಸಿಗದು. ಬಿಸಿ ತಾಳದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಬದಿಗಿಡಬಹುದು. ಕೋಣೆಯವರೆಲ್ಲರೂ ವೈದ್ಯರು ಹೇಳಿದ ಔಷಧವನ್ನು ಒಂದೇ ದಿನ ಹಚ್ಚಿಕೊಳ್ಳದಿದ್ದರೆ ಒಗೆತವೊಂದರಿಂದ ಕಜ್ಜಿ ಹೋಗುವುದಿಲ್ಲ.

ಪ್ರಶ್ನೆ: ನಾವು ಮದುವೆ, ಉಪನಯನಗಳಿಗೆ ಅಡುಗೆಗೆ ಹೋಗುವವರು. ಎಣ್ಣೆ ಹೀರಿದ ಪಂಚೆ, ತೋರ್ತುಗಳನ್ನು ಡ್ರೈಯರಿಗೆ ಹಾಕಲು ಲಾಂಡ್ರಿಯವರು ಬಿಡಲಿಲ್ಲ. ಹಣ ಕೊಡುವವರನ್ನು ಹೀಗೆ ತಿರುಗಿಸಿ ಕಳಿಸಬಹುದೇ? (ನೀರ್ಚಾಲು)

ಉತ್ತರ: ಈ ವಿಷಯದಲ್ಲಿ ಅವರು ಮಾಡಿದ್ದು ಸರಿ, ಅವಮಾನವೆಂದು ತಿಳಿಯಬೇಡಿ. ಎಳ್ಳೆಣ್ಣೆ, ಸೂರ್ಯಕಾಂತಿ ಎಣ್ಣೆಗಳು ಗಾಳಿಯ ಆಮ್ಲಜನಕದೊಡನೆ ಸೇರುವಾಗ ಬಿಸಿ ಹುಟ್ಟುತ್ತದೆ. ಒಗೆದರೂ ಎಣ್ಣೆಯ ಅಂಶ ಪೂರ್ತಿ ಹೋಗುವುದಿಲ್ಲ. ಅಂಥ ಬಟ್ಟೆ ಡ್ರೈಯರಿನ ಬಿಸಿಯಲ್ಲಿ ಕಾದು, ಆಮೇಲೆ ಮುದ್ದೆಯಾಗಿ ಬುಟ್ಟಿಯಲ್ಲಿ ಉಳಿದರೆ ಒಳಗಿನ ಬಿಸಿ ಹೊರಬರಲು ದಾರಿಯಿಲ್ಲದೆ ಏರುತ್ತಾ ಹೋಗಿ ಬೆಂಕಿ ಹೊತ್ತಿಕೊಳ್ಳಬಹುದು. ನೂಲಿನ ಧೂಳು ಸೇರಿದ ಡ್ರೈಯರಿನಲ್ಲಿ ಅದು ಇನ್ನೂ ಅಪಾಯ. ಬಿಸಿನೀರು ಮತ್ತು ಹೆಚ್ಚು ಸೋಪಿನಲ್ಲಿ ಒಗೆದು, ಗಾಳಿಗೆ ಹರಡಿ ಒಣಗಿಸುವುದೇ ಸರಿಯಾದ ದಾರಿ. ಪೆಟ್ರೋಲು, ಬಣ್ಣದ ತೆಳುಕಾರಕ ತಾಗಿದ ಬಟ್ಟೆಯನ್ನೂ ಡ್ರೈಯರಿಗೆ ಹಾಕಬಾರದು.

ಪ್ರಶ್ನೆ: ಹೊಸೂರಿನಲ್ಲಿ ಸಣ್ಣ ಲಾಂಡ್ರಿ ನಡೆಸುತ್ತಿದ್ದೇನೆ. ಕಾರ್ಖಾನೆಗಳ ಹುಡುಗರು ಬಟ್ಟೆ ಕೊಟ್ಟು, ಕೆಲಸ ಬಿಟ್ಟು ಊರಿಗೆ ಹೋಗಿಬಿಡುತ್ತಾರೆ. ತಿಂಗಳುಗಟ್ಟಲೆ ಉಳಿದ ಬಟ್ಟೆಯನ್ನು ಮಾರಿ ನನ್ನ ಕೂಲಿ ತೆಗೆದುಕೊಳ್ಳಬಹುದೇ?

ಉತ್ತರ: ಕೂಲಿ ಬರುವ ತನಕ ಬಟ್ಟೆಯನ್ನು ಹಿಡಿದಿಡುವ ಹಕ್ಕು ಕರಾರು ಕಾಯಿದೆಯ 170ನೆಯ ಕಲಮಿನಿಂದ ನಿಮಗೆ ಇದೆ. ಹಿಡಿದಿಡುವ ಹಕ್ಕಿನಲ್ಲಿ ಮಾರುವ ಹಕ್ಕು ಸೇರಿಲ್ಲ. ಬಟ್ಟೆ ಪಡೆಯುವಾಗಲೇ ಇಷ್ಟು ತಿಂಗಳ ಬಳಿಕ ಏನು ಮಾಡಲಾಗುತ್ತದೆ ಎಂದು ಗ್ರಾಹಕರಿಗೆ ಓದಲು ಬರುವ ಭಾಷೆಯಲ್ಲಿ, ರಸೀದಿಯ ಮುಂಭಾಗದಲ್ಲಿ, ಕಾಣುವ ಅಕ್ಷರದಲ್ಲಿ ಬರೆದು ಸಹಿ ಪಡೆಯಿರಿ. ಅವಧಿ ಮುಗಿಯುವ ಮುನ್ನ ಸಂದೇಶ ಕಳಿಸಿ, ಕಳಿಸಿದ್ದನ್ನು ಉಳಿಸಿಕೊಳ್ಳಿ. ಊರು ಬಿಡುವ ಹುಡುಗರ ಸಂಖ್ಯೆ ಬದಲಾಗುವುದರಿಂದ ಇನ್ನೊಬ್ಬ ಸಂಬಂಧಿಕರ ಅಥವಾ ಗೆಳೆಯರ ಸಂಖ್ಯೆಯನ್ನೂ ಅವರು ಒಪ್ಪಿದರೆ ಬರೆದಿಡಬಹುದು. ಒಪ್ಪದವರನ್ನು ಬಲವಂತ ಮಾಡಬೇಡಿ. ಬಿಲ್ಲು ಮಾಡಲು ಮೊಬೈಲ್ ಸಂಖ್ಯೆ ಕೊಡಲೇಬೇಕೆಂದು ಅಂಗಡಿಯವರು ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಸೂಚಿಸಿದೆ. ಹಳೆಯ ರಸೀದಿಗಳ ಮೇಲೆ ಈಗಾಗಲೇ ಉಳಿದಿರುವ ಬಟ್ಟೆಗಳನ್ನು ಮಾತ್ರ ಮಾರಬೇಡಿ: ಪಟ್ಟಿ ಮಾಡಿ, ಫೋಟೋ ತೆಗೆದು, ಚೀಲಗಳಲ್ಲಿ ಕಟ್ಟಿ, ಇಲಿ ಮತ್ತು ತೇವ ತಾಗದ ಕಡೆ ಇಡಿ.